ಬಾಟಲಿ ಒಂದೇ, ಬಾಯಾರಿಕೆ ಬೇರೆ ಬೇರೆ

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ವಾರಕ್ಕೆ ನಾಲ್ಕು ದಿನ ಸಂಜೆ ಒಂದೂವರೆ ಗಂಟೆ ಕ್ರಿಕೆಟ್ ಕೋಚಿಂಗಿಗೆ ಹೋಗುತ್ತಾನೆ. ಅಲ್ಲಿ ಎಲ್ಲ ಹುಡುಗರೂ ಸ್ಪೋರ್ಟ್ಸ್ ಡ್ರಿಂಕ್ ತರುತ್ತಾರಂತೆ. ತನಗೂ ಬೇಕು ಅಂತ ಹಟ. ಅವನನ್ನು ನೋಡಿ ನಮ್ಮ ಯಜಮಾನರೂ ಬೆಳಗಿನ ವಾಕಿಂಗ್ ಮುಗಿಸಿ ಅದನ್ನೇ ಕುಡಿಯುತ್ತಿದ್ದಾರೆ. ಅವರಿಗೆ 48. ಬಿಪಿಗೆ ಮಾತ್ರೆ ನಡೀತಾ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ಹೋದ ತಿಂಗಳು ಮಗನಿಗೆ ಭೇದಿಯಾದಾಗ ಮನೆಯಲ್ಲಿದ್ದ ಅದೇ ಬಾಟಲಿ ಕುಡಿಸಿದೆವು. ನಿಲ್ಲುವ ಬದಲು ಜಾಸ್ತಿಯೇ ಆಯಿತು. ಈ ಡ್ರಿಂಕ್ ಒಳ್ಳೆಯದಾ, ಕೆಟ್ಟದ್ದಾ? ಎಳನೀರು, ಮಜ್ಜಿಗೆ ಕೊಟ್ಟರೆ ಸಾಲದಾ? ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರದ ಕೊನೆಯ ಭಾಗದಿಂದಲೇ ಶುರು ಮಾಡುತ್ತೇನೆ. ಆಟಕ್ಕೋ ವಾಕಿಂಗಿಗೋ ಈ ಬಾಟಲಿಯನ್ನು ಸುಮ್ನೆ ಕುಡಿದರೆ ಹೆಚ್ಚಾಗಿ ಹೋಗುವುದು ದುಡ್ಡು. ಭೇದಿಯಲ್ಲಿ ತಪ್ಪು ಮಾಡಿದರೆ ಹುಡುಗ ಆಸ್ಪತ್ರೆ ಸೇರಬೇಕಾದೀತು.

ಭೇದಿಗೆ ಸ್ಪೋರ್ಟ್ಸ್ ಡ್ರಿಂಕ್ ಕೊಡಬೇಡಿ. ಕೊಡಬೇಕಾದ್ದು ಓಆರ್‌ಎಸ್. ನೋಡುವುದಕ್ಕೆ ಎರಡೂ ಅಣ್ಣ ತಮ್ಮಂದಿರ ಹಾಗೆ. ಎರಡರಲ್ಲೂ ಇರುವುದು ನೀರು, ಸಕ್ಕರೆ, ಉಪ್ಪು. ಆದರೆ ಅಳತೆ ಉಲ್ಟಾ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಗೊತ್ತು ಮಾಡಿದ ಪ್ರಕಾರ ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಲೀಟರಿಗೆ 60 ಗ್ರಾಂ ಆಸುಪಾಸು ಸಕ್ಕರೆ, ಉಪ್ಪು ಒಂದು ಗ್ರಾಂಗಿಂತ ಸ್ವಲ್ಪ ಮೇಲೆ. ಅಂದರೆ ಸಕ್ಕರೆ ನಾಲ್ಕು ಪಟ್ಟಿಗಿಂತ ಜಾಸ್ತಿ, ಉಪ್ಪು ಅರ್ಧಕ್ಕಿಂತ ಕಮ್ಮಿ.

ಇಷ್ಟು ವ್ಯತ್ಯಾಸದಿಂದ ಏನಾಗುತ್ತದೆ? ಕರುಳಿನ ಗೋಡೆಯಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿವೆ ಅಂದುಕೊಳ್ಳಿ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರೆ ಆ ಬಾಗಿಲು ತೆರೆಯುತ್ತದೆ. ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. ಓಆರ್‌ಎಸ್‌ನ ಗುಟ್ಟು ಇಷ್ಟೇ. ಸಕ್ಕರೆ ಜಾಸ್ತಿಯಾದರೆ ಅದು ಒಳಗೆ ಹೋಗಲಾರದೆ ಕರುಳಲ್ಲೇ ಉಳಿಯುತ್ತದೆ. ಉಳಿದು ಮೈಯ ನೀರನ್ನೇ ತನ್ನತ್ತ ಎಳೆದುಕೊಳ್ಳುತ್ತದೆ. ನಿಮ್ಮ ಮಗನಿಗೆ ಜಾಸ್ತಿಯಾಗಿದ್ದು ಇದರಿಂದಲೇ ಅಂತ ಹುಡುಗನನ್ನು ನೋಡದೆ ಹೇಳಲಾರೆ. ಆದರೆ ಉರಿಯುವ ಒಲೆಗೆ ಇನ್ನೊಂದು ಸೌದೆ ಇಟ್ಟ ಹಾಗೆ ಆಗಿರಬಹುದು.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿ ಬಂದವರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಗಳಲ್ಲಿದ್ದರು. ಅಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಡ್ರಿಪ್ ಮುಗಿದುಹೋಯಿತು. ಆಗ ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು 30 ಶೇಕಡಾ ಇದ್ದ ಸಾವು 4 ಶೇಕಡಾಕ್ಕಿಂತ ಕೆಳಗೆ ಇಳಿಯಿತು. ಅಂಥ ಔಷಧಿಯ ಹೆಸರನ್ನು ನಮ್ಮ ದೇಶದಲ್ಲಿ ಸಿಹಿ ಪಾನೀಯದ ಡಬ್ಬಿಗಳ ಮೇಲೂ ಅಂಟಿಸಿ ಮಾರುತ್ತಿದ್ದರು ಅನ್ನುವುದೇ ನನಗೆ ಬೇಸರ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಇಂಥ ಪಾನೀಯಗಳ ಹೆಸರಿನಲ್ಲಿ ಹಿಂದೆ ಮುಂದೆ ಎಲ್ಲೂ ಓಆರ್‌ಎಸ್ ಅನ್ನುವ ಪದ ಬಳಸುವಂತಿಲ್ಲ ಎಂದಿತು. ಆದರೂ ನೀವು ಮೆಡಿಕಲ್ ಶಾಪಿನಲ್ಲಿ ಪೊಟ್ಟಣ ತಿರುಗಿಸಿ ನೋಡಿ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಮಧ್ಯರಾತ್ರಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ತಲೆ ಸಮ ಮಾಡಿ ಹಾಕಿ, ಗೋಪುರ ಬೇಡ. ಉಚ್ಚೆ ಕಮ್ಮಿಯಾದರೆ, ಹುಡುಗ ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಮದ್ದನ್ನೇ ನೆಚ್ಚಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಿ.

ಈಗ ಆಟದ ವಿಷಯ. ಈ ಬಾಟಲಿ ಯಾರಿಗಾಗಿ ಹುಟ್ಟಿತು ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

1965. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯ. ಅಲ್ಲಿನ ಫುಟ್‌ಬಾಲ್ ತಂಡದ ಹೆಸರು ಗೇಟರ್ಸ್. ಇದು ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ಟು, ದಪ್ಪ ಪ್ಯಾಡು ಕಟ್ಟಿಕೊಂಡು ಡಿಕ್ಕಿ ಹೊಡೆಯುವ ಅಮೆರಿಕನ್ ಆಟ. ಫ್ಲಾರಿಡಾದ ಸೆಖೆಯಲ್ಲಿ ಆ ಕವಚದೊಳಗೆ ಹುಡುಗರು ಬೆಂದು ಹೋಗುತ್ತಿದ್ದರು. ಒಂದು ಆಟ ಮುಗಿಯುವಷ್ಟರಲ್ಲಿ ಕೆಲವರ ತೂಕ ಏಳೆಂಟು ಕೆಜಿ ಇಳಿಯುತ್ತಿತ್ತು. ಆಟ ಮುಗಿದರೂ ಇವರಿಗೆ ಉಚ್ಚೆಯೇ ಬರುವುದಿಲ್ಲವಲ್ಲ, ಯಾಕೆ ಅಂತ ತಂಡದ ಜೊತೆಗಿದ್ದವರೊಬ್ಬರು ಕಿಡ್ನಿ ವೈದ್ಯ ರಾಬರ್ಟ್ ಕೇಡ್ ಅವರನ್ನು ಕೇಳಿದರು. ಉಚ್ಚೆಗೆ ಆಗುವಷ್ಟು ನೀರೇ ಮೈಯಲ್ಲಿ ಉಳಿಯುತ್ತಿರಲಿಲ್ಲ. ಕೇಡ್ ಮತ್ತು ಜೊತೆಗಾರರು ಬೆವರಿನಲ್ಲಿ ಹೋದದ್ದನ್ನು ಅಳೆದು, ನೀರಿಗೆ ಉಪ್ಪು, ಸಕ್ಕರೆ ಸೇರಿಸಿದರು. ರುಚಿ ಬಾಯಿಗಿಡಲಾಗದ ಹಾಗಿತ್ತು. ಕೇಡ್ ಅವರ ಹೆಂಡತಿ ನಿಂಬೆರಸ ಹಿಂಡಿ ನೋಡಿ ಅಂದರಂತೆ. ಗೇಟರೇಡ್ ಅನ್ನುವ ಸ್ಪೋರ್ಟ್ಸ್ ಡ್ರಿಂಕ್ ಹುಟ್ಟಿದ್ದು ಹೀಗೆ. ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು, ಅಲ್ವಾ?

ಗಮನಿಸಿ, ಅದು ಏಳೆಂಟು ಕೆಜಿ ಬೆವರು ಸುರಿಸುವವರಿಗೆ ಮಾಡಿದ್ದು. ಇವತ್ತು ಅದನ್ನು ಕುಡಿಯುವವರಲ್ಲಿ ಹೆಚ್ಚಿನವರು ಅರ್ಧ ಕೆಜಿಯೂ ಬೆವರಿರುವುದಿಲ್ಲ. ಜಾಹೀರಾತಿನಲ್ಲಿ ಬೆವರು ಹನಿಹನಿಯಾಗಿ ಬೀಳುತ್ತದೆ. ಕುಡಿಯುವವನು ಎಸಿ ಕಾರಿನಲ್ಲಿ ಕೂತಿರುತ್ತಾನೆ.

ಹಾಗಾದರೆ ನಿಜವಾಗಿ ಇದರ ಉಪಯೋಗ ಯಾರಿಗೆ, ಯಾವಾಗ? ಒಂದು ಗಂಟೆಗಿಂತ ಜಾಸ್ತಿ, ಎಡೆಬಿಡದೆ, ಏದುಸಿರು ಬರುವಷ್ಟು ಜೋರಾಗಿ ಆಡುವವರಿಗೆ, ಓಡುವವರಿಗೆ, ಸೈಕಲ್ ತುಳಿಯುವವರಿಗೆ. ನಮ್ಮ ಮಾಂಸಖಂಡ ಮತ್ತು ಲಿವರಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಜೋರು ಓಟದಲ್ಲಿ ಒಂದೂವರೆ ಎರಡು ಗಂಟೆಯಲ್ಲಿ ಖಾಲಿಯಾಗುತ್ತಾ ಬರುತ್ತದೆ. ಅಂಥ ಹೊತ್ತಿನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಒಳಗೆ ಹೋದರೆ ಕಾಲು ಸೋಲುವುದು ತಡವಾಗುತ್ತದೆ. ಇದು ಚೆನ್ನಾಗಿ ಸಾಬೀತಾದ ಮಾತು. ನೀರಿನಲ್ಲಿ ಸಕ್ಕರೆ ನೂರಕ್ಕೆ ಆರರಿಂದ ಎಂಟು ಪಾಲು ಇದ್ದರೆ ಹೊಟ್ಟೆಯಿಂದ ಬೇಗ ಇಳಿಯುತ್ತದೆ. ಅದಕ್ಕಿಂತ ಗಟ್ಟಿಯಾದರೆ, ಉದಾಹರಣೆಗೆ ಹಣ್ಣಿನ ಜ್ಯೂಸ್ ಅಥವಾ ಕೋಲಾ, ಹೊಟ್ಟೆಯಲ್ಲೇ ನಿಂತು ಓಡುವಾಗ ಕುಲುಕಾಡುತ್ತದೆ. ಹಾಗಾಗಿ ಮ್ಯಾರಥಾನ್ ಓಡುವವರಿಗೆ, ಎರಡು ಸೆಷನ್ ಬಿಸಿಲಲ್ಲಿ ಬೌಲಿಂಗ್ ಮಾಡುವವರಿಗೆ, ಒಂದೇ ದಿನ ಮೂರು ನಾಲ್ಕು ಕಬಡ್ಡಿ ಪಂದ್ಯ ಆಡುವವರಿಗೆ ಈ ಬಾಟಲಿ ಒಳ್ಳೆಯ ಸಾಧನ. ಇದನ್ನು ವಿಷ ಅನ್ನುವವರ ಜೊತೆ ನಾನು ಸೇರುವುದಿಲ್ಲ.

ಒಂದು ತಮಾಷೆಯ ಪ್ರಯೋಗ ಹೇಳಬೇಕು. 2004ರಲ್ಲಿ ಬ್ರಿಟನ್‌ನ ಸಂಶೋಧಕರು ಸೈಕಲ್ ಸವಾರರಿಗೆ ಸುಮಾರು ಒಂದು ಗಂಟೆಯ ಪರೀಕ್ಷೆ ಇಟ್ಟರು. ಪಿಷ್ಟ ಕಲಸಿದ, ರುಚಿಯೇ ಇಲ್ಲದ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗಿಯಲು ಹೇಳಿದರು. ನುಂಗುವ ಹಾಗಿಲ್ಲ. ಆದರೂ ಅವರು ಸುಮಾರು 3 ಶೇಕಡಾ ಬೇಗ ಮುಗಿಸಿದರು! ಹೊಟ್ಟೆಗೆ ಏನೂ ಹೋಗಿಲ್ಲ. ಅನ್ನ ಬರುತ್ತಿದೆ ಅಂತ ಬಾಯಿ ಮಿದುಳಿಗೆ ಸುದ್ದಿ ಕೊಟ್ಟಿದೆ, ಮಿದುಳು ಕಾಲಿಗೆ ಕೊಟ್ಟ ಲಗಾಮು ಸ್ವಲ್ಪ ಸಡಿಲಿಸಿದೆ. ಒಂದು ಗಂಟೆಯ ಆಟದಲ್ಲಿ ಸ್ಪೋರ್ಟ್ಸ್ ಡ್ರಿಂಕ್‌ನಿಂದ ಹುಮ್ಮಸ್ಸು ಬಂತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹುಮ್ಮಸ್ಸಿಗೆ ಅರ್ಧ ಲೀಟರ್ ನುಂಗಲೇಬೇಕು ಅಂತಿಲ್ಲ.

ನೀರಿಗಿಂತ ಇದು ಮೈಗೆ ಹೆಚ್ಚು ನೀರು ಕೊಡುತ್ತದೆ ಅನ್ನುವ ಮಾತಿದೆಯಲ್ಲ, ಅದು ಅಷ್ಟು ಗಟ್ಟಿಯಲ್ಲ. 2016ರಲ್ಲಿ ಬ್ರಿಟನ್‌ನಲ್ಲಿ 72 ಗಂಡಸರಿಗೆ ಬೇರೆ ಬೇರೆ ಪಾನೀಯ ಒಂದೊಂದು ಲೀಟರ್ ಕುಡಿಸಿ, ಆಮೇಲೆ ಎಷ್ಟು ಉಚ್ಚೆ ಹೋಗುತ್ತದೆ ಅಂತ ಅಳೆದರು. ಕಡಿಮೆ ಉಚ್ಚೆ ಹೋದರೆ ನೀರು ಮೈಯಲ್ಲಿ ಉಳಿದಿದೆ ಅಂತ ಅರ್ಥ. ಗೆದ್ದವು ಹಾಲು ಮತ್ತು ಓಆರ್‌ಎಸ್. ಸ್ಪೋರ್ಟ್ಸ್ ಡ್ರಿಂಕ್ ನಿಂತಿದ್ದು ಬರೀ ನೀರಿನ ಪಕ್ಕದಲ್ಲೇ. ಅವರು ಸುಮ್ನೆ ಕೂತಿದ್ದವರು, ಆಟದಲ್ಲಿ ಬೆವರಿದವರಲ್ಲ ಅನ್ನುವುದು ನಿಜ. ಆದರೆ ಈ ಬಾಟಲಿಯನ್ನು ಹೆಚ್ಚು ಜನ ಕುಡಿಯುವುದೂ ಸುಮ್ನೆ ಕೂತಾಗಲೇ ಅಲ್ಲವೇ?

ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ಅವನಿಗೆ ಬೇಕಾ ಬೇಡವಾ ಅಂತ ನನ್ನನ್ನು ಕೇಳುವುದಕ್ಕಿಂತ ಮನೆಯ ತೂಕದ ಮಷೀನನ್ನು ಕೇಳಿ. ಕೋಚಿಂಗಿಗೆ ಹೋಗುವ ಮುಂಚೆ ಉಚ್ಚೆ ಹೊಯ್ದು, ಚಡ್ಡಿಯಲ್ಲಿ ನಿಂತು ತೂಕ ನೋಡಲಿ. ಬಂದ ಮೇಲೆ ಮೈ ಒರೆಸಿಕೊಂಡು ಹಾಗೆಯೇ ಮತ್ತೆ ನೋಡಲಿ. ಇಳಿದ ಒಂದು ಕೆಜಿ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಅಲ್ಲಿ ಕುಡಿದ ನೀರನ್ನೂ ಇದಕ್ಕೆ ಕೂಡಿಸಿ. 42 ಕೆಜಿ ಹುಡುಗ 41.6ಕ್ಕೆ ಬಂದು, ನಡುವೆ ಅರ್ಧ ಲೀಟರ್ ನೀರು ಕುಡಿದಿದ್ದರೆ ಬೆವರಿದ್ದು ಸುಮಾರು 900 ಎಂಎಲ್. ತೂಕದ ನೂರಕ್ಕೆ ಎರಡು ಪಾಲಿನೊಳಗೆ, ಅಂದರೆ ಈ ಹುಡುಗನಿಗೆ 800 ಗ್ರಾಂವರೆಗೆ, ಇಳಿದರೆ ಗಾಬರಿ ಬೇಡ. ಮನೆಗೆ ಬಂದು ನೀರು ಕುಡಿದು, ಅನ್ನ ಸಾರು ಊಟ ಮಾಡಿದರೆ ಸರಿಹೋಗುತ್ತದೆ. ಹೋದ ಉಪ್ಪು ಸಾರಿನಲ್ಲಿದೆ, ಹೋದ ಸಕ್ಕರೆ ಅನ್ನದಲ್ಲಿದೆ. ತೂಕ ಏರಿದ್ದರೆ? ಅವನು ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದಾನೆ. ಮೂರು ನಾಲ್ಕು ದಿನ ಇದನ್ನು ಮಾಡಿದರೆ ಸಾಕು, ಅಂದಾಜು ಸಿಗುತ್ತದೆ. ಮಾರ್ಚ್ ಏಪ್ರಿಲ್ ಬಂದಾಗ ಮತ್ತೊಮ್ಮೆ ನೋಡಿ, ದಾವಣಗೆರೆಯ ಬೇಸಿಗೆಯ ಲೆಕ್ಕವೇ ಬೇರೆ.

ಕೋಚಿಂಗಿನ ಒಂದೂವರೆ ಗಂಟೆ ಪೂರ್ತಿ ಓಟವಲ್ಲ ಅನ್ನುವುದು ನೆನಪಿರಲಿ. ಸ್ವಲ್ಪ ಹೊತ್ತು ನೆಟ್ಸ್, ಸ್ವಲ್ಪ ಹೊತ್ತು ಫೀಲ್ಡಿಂಗ್, ಉಳಿದದ್ದು ಸಾಲಿನಲ್ಲಿ ನಿಂತು ತನ್ನ ಸರದಿ ಕಾಯುವುದು. ಅದಕ್ಕೆ ನೀರು ಸಾಕು. ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲೇ ಹೇಳಿದ್ದೂ ಇದೇ: ಹೆಚ್ಚಿನ ಮಕ್ಕಳಿಗೆ ಸ್ಪೋರ್ಟ್ಸ್ ಡ್ರಿಂಕ್ ಬೇಕಿಲ್ಲ. ಅರ್ಧ ಲೀಟರ್ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ. ಹೆಚ್ಚುವರಿ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ. ವಾರಕ್ಕೆ ನಾಲ್ಕು ಬಾಟಲಿ ಅಂದರೆ ತಿಂಗಳಿಗೆ ಅರ್ಧ ಕೆಜಿ ಸಕ್ಕರೆ. ನೀವು ಅಂಗಡಿಯಿಂದ ಅರ್ಧ ಕೆಜಿ ಸಕ್ಕರೆ ಪೊಟ್ಟಣ ತಂದು ಅವನ ಕೈಗೆ ಕೊಡುತ್ತೀರಾ?

ಮಕ್ಕಳ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆಟದ ಗುಂಗಿನಲ್ಲಿ ಮಕ್ಕಳು ನೀರು ಕುಡಿಯುವುದನ್ನೇ ಮರೆಯುತ್ತಾರೆ. ಕೆನಡಾದಲ್ಲಿ ಓಡೆಡ್ ಬಾರ್-ಓರ್ ಅನ್ನುವ ಮಕ್ಕಳ ವೈದ್ಯರು ಇದನ್ನು ಪರೀಕ್ಷೆ ಮಾಡಿದ್ದರು. ಬರೀ ನೀರಿಗಿಂತ ಸ್ವಲ್ಪ ರುಚಿ, ಸ್ವಲ್ಪ ಉಪ್ಪು ಇದ್ದರೆ ಹುಡುಗರು ತಾವಾಗಿಯೇ ಜಾಸ್ತಿ ಕುಡಿದರು. ನಿಮ್ಮವನೂ ನೀರಿನ ಬಾಟಲಿಯನ್ನು ಹಾಗೇ ತುಂಬಿಸಿಕೊಂಡು ವಾಪಸ್ ತರುವ ಜಾತಿಯಾಗಿದ್ದರೆ ನೀರಿಗೆ ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಒಂದೆರಡು ಚಮಚ ಸಕ್ಕರೆ ಹಾಕಿ ಕೊಡಿ. ತಕರಾರಿಲ್ಲ.

ಹಲ್ಲಿನ ಕತೆ ಬೇರೆ ಇದೆ. ಈ ಪಾನೀಯಗಳು ಹುಳಿ, ಅವುಗಳ ಪಿಎಚ್ 3ರ ಆಸುಪಾಸು. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಲ್ಲಿನ ಮೇಲಿನ ಎನಾಮಲ್ 5.5ಕ್ಕಿಂತ ಕೆಳಗೆ ಕರಗಲು ಶುರುವಾಗುತ್ತದೆ. ಆಡುವಾಗ ಬಾಯಿ ಒಣಗಿರುತ್ತದೆ, ತೊಳೆಯಲು ಎಂಜಲೂ ಕಮ್ಮಿ. ಅಂಥ ಹೊತ್ತಿನಲ್ಲಿ ಹತ್ತು ನಿಮಿಷಕ್ಕೊಂದು ಗುಟುಕು ಅಂದರೆ ಹಲ್ಲಿಗೆ ಒಂದೂವರೆ ಗಂಟೆಯ ಹುಳಿ ಸ್ನಾನ. ನಾನು ಮೇಲೆ ಹೇಳಿದ ನಿಂಬೆ ನೀರಿಗೂ ಈ ಮಾತು ಅನ್ವಯಿಸುತ್ತದೆ, ಮನೆಯದ್ದು ಅಂತ ಹಲ್ಲು ರಿಯಾಯಿತಿ ಕೊಡುವುದಿಲ್ಲ. ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ತಕ್ಷಣ ಬ್ರಷ್ ಮಾಡುವುದು ಬೇಡ, ಮೆತ್ತಗಾದ ಎನಾಮಲ್ ಸವೆಯುತ್ತದೆ.

ಇನ್ನೊಂದು ವಿಷಯ, ಇದು ಮುಖ್ಯ. ಅವನ ಸ್ನೇಹಿತರು ತರುತ್ತಿರುವುದು ಸ್ಪೋರ್ಟ್ಸ್ ಡ್ರಿಂಕೇ ಹೌದಾ ಅಂತ ಒಮ್ಮೆ ನೋಡಿ. ಅಂಗಡಿಯ ಫ್ರಿಜ್ಜಿನಲ್ಲಿ ಅದರ ಪಕ್ಕದಲ್ಲೇ ಎನರ್ಜಿ ಡ್ರಿಂಕ್ ಇಟ್ಟಿರುತ್ತಾರೆ. ಹುಡುಗರಿಗೆ ಎರಡೂ ಒಂದೇ. ಎನರ್ಜಿ ಡ್ರಿಂಕ್‌ನಲ್ಲಿ ಕೆಫೀನ್ ಇದೆ. ನಮ್ಮ ದೇಶದ ನಿಯಮದ ಪ್ರಕಾರ ಲೀಟರಿಗೆ 145ರಿಂದ 300 ಮಿಲಿಗ್ರಾಂ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಸೂಕ್ತವಲ್ಲ ಅಂತ ಡಬ್ಬಿಯ ಮೇಲೆಯೇ ಬರೆದಿರಬೇಕು. ಬರೆದಿರುತ್ತದೆ ಕೂಡ, ಇರುವೆ ಗಾತ್ರದ ಅಕ್ಷರದಲ್ಲಿ. ಎದೆ ಬಡಿತ ಜೋರಾಗುವುದು, ಕೈ ನಡುಗುವುದು, ರಾತ್ರಿ ನಿದ್ದೆ ಬಾರದಿರುವುದು ಎಲ್ಲ ಇದರಿಂದ ಆಗುತ್ತದೆ. ಇದಕ್ಕೆ ಮಾತ್ರ ನನ್ನದು ಖಡಾಖಂಡಿತ ಬೇಡ. ಸಾದಾ ಗ್ಲೂಕೋಸ್ ಪುಡಿಯನ್ನೂ ಕೆಲವರು ಸ್ಪೋರ್ಟ್ಸ್ ಡ್ರಿಂಕ್ ಅಂದುಕೊಳ್ಳುತ್ತಾರೆ. ಅದು ಹೆಚ್ಚುಕಡಿಮೆ ಬರೀ ಸಕ್ಕರೆ.

ನಿಮ್ಮ ಯಜಮಾನರ ವಿಷಯದಲ್ಲಿ ಜಾಸ್ತಿ ಯೋಚಿಸುವುದೇ ಬೇಕಿಲ್ಲ. ನಲವತ್ತು ನಿಮಿಷದ ವಾಕಿಂಗಿನಲ್ಲಿ ಖರ್ಚಾಗುವುದು 150, ಹೆಚ್ಚೆಂದರೆ 200 ಕ್ಯಾಲೊರಿ. ಬಾಟಲಿಯಲ್ಲಿ 120 ಇದೆ. ನಡೆದು ಗಳಿಸಿದ್ದನ್ನು ಗೇಟಿನ ಹತ್ತಿರವೇ ಕೊಟ್ಟು ಬಂದ ಹಾಗಾಯಿತು. ಶುಗರ್ ಬಾರ್ಡರ್‌ನಲ್ಲಿರುವವರಿಗೆ ಬೇಗನೆ ರಕ್ತಕ್ಕೆ ಸೇರುವ ಈ ಸಕ್ಕರೆ ಬೇಡವೇ ಬೇಡ. ಅರ್ಧ ಲೀಟರಿನಲ್ಲಿ ಉಪ್ಪು ಅರ್ಧ ಗ್ರಾಂ ಚಿಲ್ಲರೆ. ಅದು ದೊಡ್ಡ ಅಪರಾಧವಲ್ಲ. ಆದರೆ ದಿನಕ್ಕೆ ಐದು ಗ್ರಾಂ ಮೀರಬಾರದು ಅನ್ನುವ ಉಪ್ಪನ್ನು ನಾವು ಸಾರು, ಉಪ್ಪಿನಕಾಯಿ, ಹಪ್ಪಳದಲ್ಲೇ ದಾಟಿರುತ್ತೇವೆ. ಬಿಪಿ ಇರುವವರಿಗೆ ಅದರ ಮೇಲೆ ಇನ್ನಷ್ಟು ಯಾಕೆ? ಸಕ್ಕರೆ ಇಲ್ಲದ ಜೀರೋ ಬಾಟಲಿ ಕುಡಿಯಲಾ ಅಂತ ಕೇಳಬಹುದು. ಆಗ ಉಳಿಯುವುದು ಉಪ್ಪು ನೀರು, ಬಣ್ಣ, ಸಿಹಿಕಾರಕ. ಒಂದು ಲೋಟ ನೀರು ಕುಡಿದು ಮನೆಗೆ ಬಂದು ತಿಂಡಿ ತಿನ್ನಲಿ.

ಓದುತ್ತಿರುವ ಬೇರೆಯವರಿಗಾಗಿ ಇಲ್ಲಿ ಒಂದು ತಿದ್ದುಪಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗುವವರಿಗೆ ನಡೆಯುವಾಗ ಸಕ್ಕರೆ ದಿಢೀರ್ ಅಂತ ಇಳಿಯಬಹುದು. ಮೈ ಬೆವರಿ, ನಡುಗಿ, ಕಣ್ಣು ಮಂಜಾದರೆ 15 ಗ್ರಾಂ ಸಕ್ಕರೆ ತಕ್ಷಣ ಬೇಕು. ಕಾಲು ಲೀಟರ್ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಅಷ್ಟಿದೆ. ಆಗ ಅದು ಔಷಧಿ, ಸಕ್ಕರೆ ಇಲ್ಲದ ಜೀರೋ ಬಾಟಲಿ ಆ ಹೊತ್ತಿಗೆ ಕೆಲಸಕ್ಕೆ ಬಾರದು.

ಎಳನೀರು, ಮಜ್ಜಿಗೆ ಸಾಲದಾ ಅಂತ ಕೇಳಿದ್ದೀರಿ. ಎಳನೀರು ನನಗೂ ಇಷ್ಟ. ಆದರೆ ಅದನ್ನು ಪ್ರಕೃತಿಯ ಸ್ಪೋರ್ಟ್ಸ್ ಡ್ರಿಂಕ್ ಅನ್ನುವುದು ಅರ್ಧ ಸತ್ಯ. ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ, ಪೊಟ್ಯಾಸಿಯಂ ಹೋಗುವುದು ಸ್ವಲ್ಪವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಹುಡುಗ ಆಟ ಮುಗಿಸಿ ಒಂದು ಕಾಯಿ ಕುಡಿದರೆ ಒಳ್ಳೆಯದೇ, ಸಕ್ಕರೆಯೂ ಹಿತಮಿತ. ಉಪ್ಪಿನ ಕೊರತೆಯನ್ನು ರಾತ್ರಿ ಊಟ ತುಂಬುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಎಳನೀರಿನಿಂದ ದೂರ ಇರಬೇಕು, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಬಿಪಿಯ ಕೆಲವು ಮಾತ್ರೆಗಳು, ಉದಾಹರಣೆಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಪೊಟ್ಯಾಸಿಯಂ ಅನ್ನು ಸ್ವಲ್ಪ ಮೇಲೆ ಹಿಡಿದಿಡುತ್ತವೆ. ನಿಮ್ಮ ಯಜಮಾನರ ಮಾತ್ರೆ ಯಾವುದು ಅಂತ ಬರೆದಿಲ್ಲ. ಅಂಥದ್ದಾಗಿದ್ದು ಅವರು ದಿನಾ ಎಳನೀರಿಗೆ ಬದಲಾಯಿಸಬೇಕು ಅಂದುಕೊಂಡರೆ ಮೊದಲು ಡಾಕ್ಟರನ್ನು ಕೇಳಲಿ.

ಮಜ್ಜಿಗೆಗೆ ನನ್ನ ಪೂರ್ತಿ ಓಟು. ನೀರು ಮಜ್ಜಿಗೆಗೆ ಉಪ್ಪು, ಶುಂಠಿ, ಕೊತ್ತಂಬರಿ, ಇಂಗು. ಹಾಲು ಮೈಯಲ್ಲಿ ನೀರು ಹಿಡಿದಿಡುತ್ತದೆ ಅಂದೆನಲ್ಲ, ಅದೇ ಹಾಲಿನ ಪೊಟ್ಯಾಸಿಯಂ, ಸ್ವಲ್ಪ ಪ್ರೋಟೀನು ತೆಳುವಾಗಿ ಇಲ್ಲೂ ಇದೆ, ಉಪ್ಪು ನೀವು ಸೇರಿಸುತ್ತೀರಿ. ಆಟದ ನಡುವೆ ಕೆಲವರ ಹೊಟ್ಟೆಗೆ ಆಗುವುದಿಲ್ಲ, ಮುಗಿದ ಮೇಲೆ ಕೊಡಿ. ರಾಮನವಮಿಗೆ ಬೀದಿ ಬೀದಿಯಲ್ಲಿ ಪಾನಕ, ನೀರು ಮಜ್ಜಿಗೆ ಹಂಚುವುದು ಸರಿಯಾಗಿ ಬಿಸಿಲು ಏರುವ ಹೊತ್ತಿಗೆ. ರಾಯಚೂರು, ಬಳ್ಳಾರಿ ಕಡೆಯ ಬಿಸಿಲಲ್ಲಿ ಹೊಲದ ಕೆಲಸಕ್ಕೆ ಹೋಗುವವರು ಅಂಬಲಿ ಕುಡಿದು ಹೋಗುತ್ತಾರಲ್ಲ, ಅದರಲ್ಲಿ ಪಿಷ್ಟ, ಉಪ್ಪು, ನೀರು ಮೂರೂ ಇದೆ. ದಿನವಿಡೀ ದುಡಿಯುವವರಿಗೆ ಹೇಳಿ ಮಾಡಿಸಿದ್ದು. ಬೌಲಿಂಗ್ ರನ್‌ಅಪ್‌ಗೆ ಸ್ವಲ್ಪ ಭಾರ, ಅಷ್ಟೇ.

ಮನೆಯಲ್ಲೇ ಸ್ಪೋರ್ಟ್ಸ್ ಡ್ರಿಂಕ್ ಮಾಡುವುದಾದರೆ ಒಂದು ಲೀಟರ್ ನೀರಿಗೆ 12 ಟೀ ಚಮಚ ಸಕ್ಕರೆ ಅಥವಾ 50 ಗ್ರಾಂ ಬೆಲ್ಲ, ಕಾಲು ಟೀ ಚಮಚ ಉಪ್ಪು, ಎರಡು ನಿಂಬೆಹಣ್ಣಿನ ರಸ. ಬಾಟಲಿಯದ್ದಕ್ಕೂ ಇದಕ್ಕೂ ಬಣ್ಣ ಬಿಟ್ಟರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಇದನ್ನು ಓಆರ್‌ಎಸ್ ಅಳತೆಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬೇಕಾದರೆ ಎರಡನ್ನೂ ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಕಾಲು ಹಿಡಿದುಕೊಂಡಾಗ ಉಪ್ಪು ಕಮ್ಮಿಯಾಗಿದೆ, ಸ್ಪೋರ್ಟ್ಸ್ ಡ್ರಿಂಕ್ ಕುಡಿ ಅನ್ನುವುದು ಮೈದಾನದ ಹಳೆಯ ಮಾತು. ದಕ್ಷಿಣ ಆಫ್ರಿಕಾದಲ್ಲಿ ದೂರದ ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಮೀನಖಂಡ ಹಿಡಿದುಕೊಂಡವರ ಸೋಡಿಯಂಗೂ ಉಳಿದವರದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದಣಿದ ಸ್ನಾಯುವಿನ ನರ ತಾಳ ತಪ್ಪುವುದೇ ಹೆಚ್ಚಿನ ಸಲ ಕಾರಣ. ಅಮೆರಿಕದಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಹುಳಿ ನೀರು ಕುಡಿಸಿದಾಗ ಸೆಳೆತ ಒಂದೂವರೆ ನಿಮಿಷದಲ್ಲೇ ಬಿಟ್ಟಿತು. ಅದು ರಕ್ತಕ್ಕೆ ಸೇರಲು ಅಷ್ಟು ಸಮಯ ಸಾಲದು, ಗಂಟಲಿನ ಆ ಚುರುಕಿಗೇ ನರ ತಣ್ಣಗಾಗಿರಬೇಕು. ನಮ್ಮ ಮಿಡಿ ಉಪ್ಪಿನಕಾಯಿಯ ರಸದಲ್ಲಿ ಯಾರೂ ಇದನ್ನು ಪರೀಕ್ಷಿಸಿದ ಹಾಗಿಲ್ಲ. ಮಗನಿಗೆ ಕಾಲು ಹಿಡಿದರೆ ಪಾದದ ಬೆರಳನ್ನು ಮೊಣಕಾಲಿನ ಕಡೆ ನಿಧಾನ ಎಳೆದು ಹಿಡಿಯಿರಿ, ಬೇಗ ಬಿಡುತ್ತದೆ.

ಕೊನೆಗೆ, ಜಾಸ್ತಿ ಕುಡಿಯುವ ಅಪಾಯ. ಹಲವು ವರ್ಷದ ಹಿಂದೆ ಒಂದು ಮ್ಯಾರಥಾನಿನ ವೈದ್ಯರ ಡೇರೆಯಲ್ಲಿ ಕೂತಿದ್ದೆ. ಐದು ಗಂಟೆ ಓಡಿ ಮುಗಿಸಿದ ಒಬ್ಬ ಹೆಣ್ಣುಮಗಳನ್ನು ಹಿಡಿದುಕೊಂಡು ಬಂದರು. ತಲೆನೋವು, ವಾಂತಿ, ಮಾತು ತೊದಲು. ನೀರು ಕಮ್ಮಿಯಾಗಿದೆ ಅಂತ ಜೊತೆಯವರು ಇನ್ನೊಂದು ಬಾಟಲಿ ಬಾಯಿಗಿಡುತ್ತಿದ್ದರು. ನನ್ನ ಕಣ್ಣು ಹೋದದ್ದು ಅವರ ಬೆರಳಿಗೆ. ಉಂಗುರ ಬಿಗಿಯಾಗಿ ಬೆರಳು ಊದಿತ್ತು. ಪ್ರತಿ ಸ್ಟಾಲಿನಲ್ಲೂ ತಪ್ಪದೆ ಕುಡಿದಿದ್ದರಂತೆ, ಒಮ್ಮೆ ನೀರು, ಒಮ್ಮೆ ಸ್ಪೋರ್ಟ್ಸ್ ಡ್ರಿಂಕ್. ಕುಡಿದದ್ದು ಜಾಸ್ತಿಯಾಗಿ ರಕ್ತದ ಸೋಡಿಯಂ ತೆಳುವಾಗಿತ್ತು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆ ಮಾಡಿದ 488 ಓಟಗಾರರಲ್ಲಿ 13 ಶೇಕಡಾ ಜನರ ಸೋಡಿಯಂ ಹೀಗೆ ಇಳಿದಿತ್ತು. ಓಡುತ್ತಾ ತೂಕ ಏರಿಸಿಕೊಂಡವರಿಗೇ ಇದು ಹೆಚ್ಚು. ಕುಡಿದಿದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಅನ್ನುವುದರಿಂದ ವ್ಯತ್ಯಾಸ ಆಗಿರಲಿಲ್ಲ, ಯಾಕೆಂದರೆ ಬಾಟಲಿಯ ಉಪ್ಪೂ ರಕ್ತದ ಉಪ್ಪಿಗಿಂತ ಎಷ್ಟೋ ತೆಳು. ಬಾಯಾರಿದಾಗ ಕುಡಿಯಿರಿ, ಬಾಯಾರಿಕೆ ಹೋದ ಮೇಲೆ ನಿಲ್ಲಿಸಿ. ಹಾಗೆಯೇ ಬಿಸಿಲಲ್ಲಿ ಆಡುವ ಹುಡುಗನ ಮೈ ಕೆಂಡದಂತೆ ಸುಟ್ಟು, ಅವನು ತಬ್ಬಿಬ್ಬಾಗಿ ಮಾತಾಡಿದರೆ ಯಾವ ಪಾನೀಯವೂ ಬೇಡ. ನೆರಳಿಗೆ ಎಳೆದು, ಮೈಮೇಲೆ ತಣ್ಣೀರು ಸುರಿಯುತ್ತಾ ಆಂಬುಲೆನ್ಸ್ ಕರೆಯಿರಿ.

ಇಷ್ಟಾದ ಮೇಲೂ ನಿಮ್ಮ ಹುಡುಗ ಹಟ ಮಾಡುತ್ತಾನೆ, ನನಗೆ ಗೊತ್ತು. ಅವನಿಗೆ ಬೇಕಿರುವುದು ಉಪ್ಪಲ್ಲ, ಸ್ನೇಹಿತರ ಕೈಲಿರುವಂಥ ಬಾಟಲಿ. ಭಾನುವಾರದ ದಿನವಿಡೀ ಮ್ಯಾಚಿಗೆ ಒಂದು ತೆಗೆದುಕೊಡಿ, ಆ ದಿನ ಅದಕ್ಕೆ ಕೆಲಸವೂ ಇದೆ. ಉಳಿದ ದಿನಗಳಿಗೆ ಚೆನ್ನಾಗಿರುವ ಒಂದು ಸಿಪ್ಪರ್ ಬಾಟಲಿ ಕೊಡಿಸಿ, ಮನೆಯದ್ದನ್ನೇ ತುಂಬಿಸಿ. ಬ್ಯಾಗಿನಲ್ಲಿ ಉಳಿದ ಸಕ್ಕರೆ ನೀರು ಮಾರನೆಯ ದಿನಕ್ಕೆ ಹುಳಿತು ವಾಸನೆ ಬರುತ್ತದೆ, ಹಾಗಾಗಿ ಬಂದ ತಕ್ಷಣ ಚೆಲ್ಲಿ ತೊಳೆಯುವ ಕೆಲಸ ಅವನದ್ದೇ ಇರಲಿ. ಮುಚ್ಚಳದ ರಬ್ಬರ್ ವಾಷರ್ ತೆಗೆದು ಉಜ್ಜಲು ಹೇಳಿ, ಕಪ್ಪು ಬೂಷ್ಟು ಕೂರುವುದು ಅಲ್ಲೇ.